ಬ್ಯಾಡಗಿ ಮಾರ್ಗವಾಗಿ ಹೋಗುವ ವಿಮಾನ

ಇವತ್ತು ಮಾಡಿದ ಕೆಲಸಗಳು ಇಷ್ಟು: ನಸುಕಿನಲ್ಲಿ ನಳ ಬಂತು; ಹಂಡೆ, ಕೊಡ, ಬಕೀಟು, ಕೊನೆಗೆ ಪೂಜೆಯ ತಂಬಿಗೆಯನ್ನೂ ಬಿಡದೆ ತುಂಬಿಟ್ಟೆ. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಬ್ಯಾಡಗಿಯಿಂದ ಅತ್ತೆಯವರ ತವರಿನವರು ಕಳಿಸಿದ ಮೆಣಸಿನಕಾಯಿಯ ತೊಟ್ಟು ಮುರಿದು ಮಾಳಿಗೆಯ ಮೇಲೆ ಹರವಿದೆ. ಹರವುತ್ತ ಓಣಿಯವರೆಲ್ಲ ಹೊರಗೆ ಬಂದು ನೋಡುವಂತೆ ಸೀನಿದೆ. ಅತ್ತೆಯವರ ಬಲಗೈಗೆ ಎಣ್ಣೆ ತಿಕ್ಕಿ, ಜಳಕ ಮಾಡಿಸಿ, ತಲೆ ಬಾಚಿ ತುರುಬು ಕಟ್ಟಿದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಅದೇ ಕೈಯಿಂದ ವಿಮಾನಕ್ಕೆ ಕುಂಕುಮ ಹಚ್ಚಿದೆ.

ಕೊನೆಯ ಕೆಲಸ ಓದಿ ಹುಬ್ಬು ಏರಿಸಬೇಡಿ. ನಮ್ಮ ಮನೆಯಲ್ಲಿ ವಿಮಾನವಿದೆ. ಹಾವೇರಿಯಲ್ಲಿ ಒಳ್ಳೆಯ ರೈಲೊಂದು ನಿಂತರೇ ಜನ ವಾರಗಟ್ಟಲೆ ಮಾತಾಡುತ್ತಾರೆ, ಇನ್ನು ವಿಮಾನ ಎಲ್ಲಿಂದ ಬಂತು ಎನ್ನುತ್ತೀರಾ? ಪಡಸಾಲೆಯಲ್ಲಿದೆ, ಜೋಳದ ಚೀಲದ ಪಕ್ಕದಲ್ಲಿ! ಅದನ್ನು ಹಾರಿಸುವವರು ನಮ್ಮ ಮಾವನವರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ತಾಲೂಕುಗಳಲ್ಲಿ ಅವರಷ್ಟು ಹುಷಾರಿ ಪೈಲಟ್ ಇನ್ನೊಬ್ಬರಿಲ್ಲ ಎಂದು ನಾನು ಧೈರ್ಯದಿಂದ ಹೇಳಬಲ್ಲೆ. ಯಾಕೆಂದರೆ ಇನ್ನೊಬ್ಬರು ಪೈಲಟ್ಟೇ ಇಲ್ಲ. ಅವರು ಹಾರಿಸುವುದು ಯುದ್ಧದ ವಿಮಾನ, ಆದರೆ ಬೇಕೆಂದು ಯಾರಿಗೂ ಒಂದು ಗುಂಡು ಹೊಡೆದವರಲ್ಲ. ದಿನಾ ಸಂಜೆ ಮೇಲೇರುತ್ತಾರೆ, ಏರಿದ ಮೇಲೆ ಎರಡೂ ಕೈ ಬಿಟ್ಟುಬಿಡುತ್ತಾರೆ. ಬಿಟ್ಟು ಏನು ಮಾಡುತ್ತಾರೆ? ಹೆಂಡತಿಗೆ ರೊಟ್ಟಿ ತಿನ್ನಿಸುತ್ತಾರೆ!

ಇದು ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ, ಒಲೆ ಮೇಲೆ ಏನೂ ಇಲ್ಲ.

ಮಾವನವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹಾವೇರಿಯಿಂದ ಬ್ಯಾಡಗಿ, ಕದರಮಂಡಲಗಿ, ಅಲ್ಲಿಂದ ರಾಣೆಬೆನ್ನೂರು. ಮತ್ತೆ ತಿರುಗಿ ಅದೇ ದಾರಿ. ಕೆಲಸದಲ್ಲಿ ಇರುವಷ್ಟು ಕಾಲ ಸ್ಟೇರಿಂಗ್ ಮೇಲಿನ ಕೈ ತೆಗೆದವರಲ್ಲ ಎಂದು ಡಿಪೋದಲ್ಲಿ ಅವರಿಗೆ ಹೆಸರು. ಕದರಮಂಡಲಗಿಯ ಹನುಮಪ್ಪನ ಗುಡಿ ಎದುರು ಬಂದಾಗ ಬೇರೆ ಡ್ರೈವರುಗಳು ಒಂದು ಕೈ ಎತ್ತಿ ಮುಗಿಯುತ್ತಿದ್ದರು. ಇವರು ಅದನ್ನೂ ಮಾಡುತ್ತಿರಲಿಲ್ಲ. ಎರಡು ಸಲ ಹಾರನ್ ಹೊಡೆದು, ‘ಯಪ್ಪಾ, ತಿಳ್ಕೊ’ ಅನ್ನುತ್ತಿದ್ದರಂತೆ.

ಅತ್ತೆಯವರು ಬ್ಯಾಡಗಿಯ ಮೆಣಸಿನಕಾಯಿ ಕಣದಲ್ಲಿ ಆಡಿ ಬೆಳೆದವರು. ಮಾತು ಕೂಡ ಹಾಗೇ, ಕೆಂಪಗೆ. ಮಾವನವರು ಡ್ಯೂಟಿಗೆ ಹೊರಟರೆ ಹೊಸ್ತಿಲ ಮೇಲೆ ನಿಂತು ಕಾಯುತ್ತಿದ್ದರು. ಒಳಗಿನಿಂದ ಅತ್ತೆಯವರು ರೊಟ್ಟಿ ಬಡಿಯುತ್ತಲೇ, ‘ರೈಟ್! ಹೋಗ್ರಿನ್ನ, ಎಷ್ಟ ನಿಂದರ್ತೀರಿ’ ಎಂದು ಕಂಡಕ್ಟರಿನಂತೆ ಕೂಗಬೇಕು. ಆಮೇಲೇ ಇವರ ಹೆಜ್ಜೆ ಆಚೆ. ರಿಟೈರ್ ಆದ ಮೇಲೂ ಬಿಟ್ಟಿದ್ದರೇ? ಹಾಲು ತರಲು ಹೋಗಬೇಕಾದರೂ ರೈಟ್ ಬೇಕು!

ಹೋದ ದೀಪಾವಳಿಗೆ ಸ್ವಲ್ಪ ಮುಂಚೆ ಅತ್ತೆಯವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಕಾಲು ಪುಣ್ಯಕ್ಕೆ ಎಳೆದೆಳೆದು ನಡೆಯುವಷ್ಟು ಉಳಿಯಿತು. ಡಾಕ್ಟರು, ‘ಅಜ್ಜೀ, ಎಡಗೈಲೆ ಉಣ್ಣೂದು ರೂಢಿ ಮಾಡ್ಕೊಬೇಕ್ರಿ. ಹೊಟ್ಟಿಗೆ ಬೀಳದಿದ್ರ ನನ್ನ ಗುಳಿಗಿ ಏನೂ ಮಾಡಂಗಿಲ್ಲ’ ಎಂದರು. ಎಡಗೈಲಿ ಉಣ್ಣುವುದೇ! ಮಗನ ಎಡಗೈ ಅಪ್ಪಿತಪ್ಪಿ ತಾಟಿಗೆ ತಾಗಿದರೆ ಚಿವುಟಿದವರು ಅವರು. ಅನ್ನದ ಕಡೆ ಆ ಕೈ ಚಾಚುವ ಬದಲು ಉಪವಾಸ ಇರುತ್ತೇನೆ ಎಂದು ಬಾಯಲ್ಲಿ ಹೇಳಲಾಗದಿದ್ದರೂ ಮುಖ ತಿರುಗಿಸಿ ಹೇಳಿದರು. ನಾನು ತಿನ್ನಿಸಲು ಹೋದರೆ ನನ್ನ ಮರ್ಯಾದೆಗೆ ಒಂದೆರಡು ತುತ್ತು. ಆಮೇಲೆ ಬಾಯಿ ಬಂದ್. ಬಂದ ಹೋದವರಿಗೆಲ್ಲ ಬಡಿಸಿದ ಹೆಂಗಸಿಗೆ ಸೊಸೆಯ ಕೈಯಿಂದ ಕೂಸಿನ ಹಾಗೆ ಉಣ್ಣುವುದು ನುಂಗಲಾರದ ತುತ್ತು. ದಿನದಿನಕ್ಕೆ ಇಳಿದರು. ಕೈಯಲ್ಲಿನ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಬೀಳದಿರಲಿ ಎಂದು ನಾನು ದಾರ ಸುತ್ತಿದೆ. ಮಾವನವರು ಮಂಚದ ಹತ್ತಿರ ಕುಳಿತು ಆ ದಾರವನ್ನೇ ನೋಡುತ್ತಿದ್ದರು. ನಮ್ಮ ಮನೆಗೆ ಆಗ ಒಂದೇ ಚಿಂತೆ: ಈಕೆಯ ಹೊಟ್ಟೆಗೆ ಒಂದು ಇಡೀ ರೊಟ್ಟಿ ಸೇರಿಸುವುದು ಹೇಗೆ?

ಅಂಥ ಹೊತ್ತಿನಲ್ಲಿ ವಿಮಾನ ಬಂತು.

ಹಾವೇರಿ ಜಿಲ್ಲೆ ಆದ ಹೊಸತು. ಊರಿಗೆಲ್ಲ ಕಂಪ್ಯೂಟರ್ ಕಲಿಯುವ ಹುಮ್ಮಸ್ಸು. ನಮ್ಮವರದು ಟೈಪಿಂಗ್ ಕ್ಲಾಸು. ಯಾರೂ ಟೈಪಿಂಗಿಗೆ ಬರದ ಹಾಗಾದಾಗ ಹುಬ್ಬಳ್ಳಿಯಿಂದ ಒಂದು ಹಳೆಯ ಕಂಪ್ಯೂಟರ್ ಹೊತ್ತು ತಂದರು. ಕ್ಲಾಸಿನಲ್ಲಿ ವೈರಿಂಗ್ ಆಗುವವರೆಗೆ ಅದು ಪಡಸಾಲೆಯಲ್ಲಿ ಕುಳಿತಿತು. ಮೊದಲು ಇಟ್ಟುಕೊಂಡಿದ್ದವರು ಅದರೊಳಗೆ ಒಂದು ಯುದ್ಧವಿಮಾನದ ಆಟ ಹಾಕಿಟ್ಟಿದ್ದರು, ಜತೆಗೆ ಗಿಡ್ಡನೆಯ ಒಂದು ಕೋಲು.

‘ಇದೇನೋ, ಗೇರ್ ಏನು?’ ಮಾವನವರು ಕೋಲಿನ ತಲೆ ಸವರಿ ಕೇಳಿದರು.

‘ಗೇರ್ ಅಲ್ಲಪಾ, ವಿಮಾನದ ಸ್ಟೇರಿಂಗ್.’

‘ವಿಮಾನದ್ದು?’ ಎಂದವರೇ ಕುರ್ಚಿ ಎಳೆದುಕೊಂಡರು. ಅವತ್ತಿಗೆ ಟೈಪಿಂಗ್ ಕ್ಲಾಸು ಕಂಪ್ಯೂಟರನ್ನು ಕಳೆದುಕೊಂಡಿತು.

ಮರುದಿನ ಟ್ರಂಕಿನಿಂದ ಖಾಕಿ ಅಂಗಿ ಹೊರಗೆ ಬಂತು. ಮೇಜಿನ ಸುತ್ತ ಒಂದು ಸುತ್ತು ಹಾಕಿದರು. ಟಾಯರ್ ನೋಡುವಂತೆ ಅದರ ನಾಲ್ಕೂ ಕಾಲಿಗೆ ಒದ್ದು ನೋಡಿದರು. ಕುಳಿತು, ಕೋಲು ಮುಟ್ಟಿ ಕಣ್ಣಿಗೊತ್ತಿಕೊಂಡು ಇಂಜಿನ್ ಚಾಲೂ ಮಾಡಿದರು. ಪರದೆಯ ಮೇಲೆ ಪಂಖ ತಿರುಗಿತು. ತಿರುಗಿತು. ತಿರುಗುತ್ತಲೇ ಇತ್ತು.

‘ಯಾಕಪಾ, ಬಿಡ್ರಿ ಮತ್ತ,’ ಎಂದರು ನಮ್ಮವರು.

‘ರೈಟ್ ಅನ್ನೂಮಟಾ ಹೆಂಗೋ ಬಿಡ್ಲಿ?’

ಹೇಳಿದ್ದು ಮಗನಿಗೆ, ಕಣ್ಣು ಹೋದದ್ದು ಮಂಚದ ಕಡೆ. ಅತ್ತೆಯವರು ಗೋಡೆ ನೋಡುತ್ತ ಮಲಗಿದ್ದರು. ಕೊನೆಗೆ ನಮ್ಮವರೇ ‘ರೈಟ್’ ಎಂದರು. ಮಾವನವರು ‘ಹ್ಞೂಂ’ ಎಂದು ಬಿಟ್ಟರು. ಆದರೆ ನೆಲ ಬಿಡಲಿಲ್ಲ! ರನ್‌ವೇಯ ಎಡಬದಿ ಹಿಡಿದು ನೆಟ್ಟಗೆ ಹೋಗಿ, ರನ್‌ವೇ ಮುಗಿದ ಮೇಲೂ ಹುಲ್ಲಿನಲ್ಲಿ ಹೋಗಿ, ಒಂದು ಗಿಡಕ್ಕೆ ಬಡಿದು ನಿಂತರು.

‘ಅಪ್ಪಾ, ಕೋಲು ಹಿಂದಕ್ಕ ಜಗ್ಗಿ ಮ್ಯಾಲ ಏರಿಸಬೇಕು.’

‘ಇಷ್ಟ ಚಂದ ರಸ್ತಾ ಬಿಟ್ಟು ಮ್ಯಾಲ ಯಾಕ ಹೋಗಬೇಕಲೇ?’

ಮೇಲೆ ಹೋಗುವುದು ಕಲಿತ ಮೇಲೆ ಹೊಸ ಫಜೀತಿ. ದೂರದಲ್ಲಿ ಒಂದು ಗುಡ್ಡ ಕಂಡಿತು. ಗುಡ್ಡ ಕಂಡ ಕೂಡಲೇ ಅವರಿಗೆ ಗುಡ್ಡ ಹೊತ್ತ ಹನುಮಪ್ಪನ ನೆನಪಾಗಿ, ಕೋಲಿನ ಮೇಲೆ ಬೆರಳಿಗೆ ಸಿಕ್ಕ ಕೆಂಪು ಗುಂಡಿಯನ್ನು ಎರಡು ಸಲ ಒತ್ತಿದರು. ಅದು ಹಾರನ್ ಅಲ್ಲ, ಬಂದೂಕು! ಮುಂದೆ ಹೋಗುತ್ತಿದ್ದ ನಮ್ಮದೇ ದಂಡಿನ ವಿಮಾನ ಹೊಗೆ ಉಗುಳುತ್ತ ಕೆಳಗೆ ಬಿತ್ತು.

‘ಹಾರನ್ ಹೊಡದ್ರ ಬೀಳ್ತಾನಲ್ಲೋ! ಇಂಥ ಪುಕ್ಕಲಗ ಲೈಸನ್ಸ್ ಕೊಟ್ಟಾಂವ ಯಾಂವ?’

ವಿಷಯ ತಿಳಿದ ಮೇಲೆ ರಾತ್ರಿ ಊಟ ಮಾಡಲಿಲ್ಲ. ಆ ಕೆಂಪು ಗುಂಡಿಯ ಮೇಲೆ ನನ್ನ ಕೈಯಿಂದ ಅಂಟುಪಟ್ಟಿ ಹಚ್ಚಿಸಿದರು. ನಮ್ಮ ವಿಮಾನ ನಿಶ್ಶಸ್ತ್ರವಾದದ್ದು ಹೀಗೆ.

ಆದರೆ ಶತ್ರುಗಳ ಗುಂಡಿಗೆ ಯಾರು ಪಟ್ಟಿ ಹಚ್ಚಿದ್ದರು? ಒಂದು ಸಂಜೆ ಹಿಂದಿನಿಂದ ಒಂದು ವಿಮಾನ ಬಂತು. ಮಾವನವರು ಶಿಸ್ತಿನ ಮನುಷ್ಯ. ವೇಗ ಕಡಿಮೆ ಮಾಡಿದರು, ಎಡಕ್ಕೆ ಸರಿದರು. ಅವತ್ತು ಮೊಟ್ಟಮೊದಲ ಬಾರಿಗೆ ಒಂದು ಕೈ ಬಿಟ್ಟು, ಇಲ್ಲದ ಕಿಟಕಿಯಿಂದ ಹೊರಚಾಚಿ, ‘ಹೋಗಪಾ, ಹೋಗು’ ಎಂದು ಸೈಡು ತೋರಿಸಿದರು. ಅವನು ತಟತಟತಟ ಎಂದು ಹೊಡೆದ. ಪರದೆಯೆಲ್ಲ ಕೆಂಪು.

‘ಸೈಡ್ ಕೊಟ್ರ ಗುಂಡ ಹೊಡೀತಾನಲ್ಲೋ ಈ ಮಗ! ಇವನ ಗಾಡಿ ನಂಬರ್ ಬರ್ಕೋ, ಬರ್ಕೋ!’

ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು. ‘ಹ್ಹ, ಹ್ಹ.’ ನಾವು ಮೂವರೂ ತಿರುಗಿ ನೋಡಿದೆವು. ಅತ್ತೆಯವರು ನಗುತ್ತಿದ್ದರು. ಬಾಯಿ ಒಂದು ಕಡೆಗೆ ವಾರೆ, ಆದರೂ ಅದು ಅವರದೇ ನಗೆ. ದೀಪಾವಳಿಯಿಂದ ಈಚೆ ಮನೆಯಲ್ಲಿ ಕೇಳಿರಲಿಲ್ಲ. ಮಾವನವರು ಉರಿಯುವ ವಿಮಾನವನ್ನು ಅಲ್ಲೇ ಬಿಟ್ಟು ಓಡಿದರು. ತೆರೆದ ಬಾಯಿಗೆ, ಬಟ್ಟಲಲ್ಲಿ ಹಾಗೇ ಉಳಿದಿದ್ದ ಹಾಲಲ್ಲಿ ನೆನೆಸಿದ ರೊಟ್ಟಿಯ ಒಂದು ತುತ್ತು ಇಟ್ಟರು. ಹೋಯಿತು ಒಳಗೆ!

ಮರುದಿನ ಬೇಕಂತಲೇ ಶತ್ರುವನ್ನು ಹುಡುಕಿಕೊಂಡು ಹೋಗಿ ಸೈಡು ಕೊಟ್ಟರು. ಅದರ ಮರುದಿನವೂ. ಹೆಂಡತಿ ನಗಲಿ ಎಂದು ದಿನಾ ಸಂಜೆ ಗುಂಡು ತಿಂದು ಬೀಳುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಗೆ ಬನ್ನಿ!

ತೊಡಕೆಂದರೆ, ವಿಮಾನ ಮೇಲಿರುವವರೆಗೆ ಅತ್ತೆಯವರು ಬಾಯಿ ತೆರೆದು ಪರದೆ ನೋಡುವರು. ಬಿದ್ದ ಕೂಡಲೇ ಬಾಯಿ ಮುಚ್ಚುವರು. ಒಂದೊಂದು ತುತ್ತಿಗೆ ಒಂದೊಂದು ವಿಮಾನ ಕೆಡವುತ್ತ ಹೋದರೆ ಒಂದು ರೊಟ್ಟಿಗೆ ಇಡೀ ದಂಡು ಸಾಲದು. ಮೇಲೆಯೇ ಇರಬೇಕು, ಕೈಯೂ ಖಾಲಿ ಇರಬೇಕು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ತುತ್ತು ಹಿಡಿಯುವುದು ಮಾವನವರಿಂದ ಆಗದ ಮಾತು. ಆ ಚೋಟುದ್ದದ ಕೋಲನ್ನೂ ಅವರು ಬಸ್ಸಿನ ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿಯುವವರು.

‘ಕೈ ಸಡ್ಲ ಬಿಟ್ರ ಮೂತಿ ಮ್ಯಾಲ ಎತ್ತತೈತೋ. ಒತ್ತಿ ಹಿಡದ್ ಹಿಡದ್ ರಟ್ಟಿ ಬಿದ್ದೂ,’ ಎಂದು ಮಗನ ಮುಂದೆ ದೂರು ಹೇಳಿದರು.

ನಮ್ಮವರು ಆಟದೊಳಗಿನ ಸೂಚನೆಗಳನ್ನು ಓದಿಕೊಂಡು ಬಂದರು. ‘ಅದಕ್ಕ ಟ್ರಿಮ್ ಅಂತ ಐತಪಾ. ನಿಮ್ಮ ಹಳೇ ಗಾಡಿ ಎಡಕ್ಕ ಜಗ್ಗತಿತ್ತಲ್ಲ, ನೀವೇನ್ ಮಾಡ್ತಿದ್ರಿ?’

‘ಒಂಚೂರು ಬಲಕ್ಕ ತಿರುವೇ ಹಿಡೀತಿದ್ನಿ. ಹಂಗ ಹಿಡದ್ ಹಿಡದ್ ಈ ಭುಜ ಇನ್ನೂ ವಾರಿ ಐತಿ ನೋಡು.’

‘ಟ್ರಿಮ್ ಮಾಡಿದ್ರ ಅಷ್ಟನ್ನ ಗಾಡೀನ ಹಿಡ್ಕೊಂತೈತಿ. ನಿಮ್ಮ ಭುಜ ನೆಟ್ಟಗ ಉಳೀತೈತಿ.’

ಮಾವನವರು ತಮ್ಮ ವಾರೆ ಭುಜ ಸವರಿಕೊಳ್ಳುತ್ತ, ‘ಇದನ್ನ ಬಸ್ಸಿಗೆ ಯಾರೂ ಯಾಕ ಹಚ್ಚಲಿಲ್ಲೋ?’ ಎಂದರು.

ಕೀಲಿಮಣೆಯಲ್ಲಿ ಟ್ರಿಮ್ಮಿಗೆ ಎರಡು ಕೀಲಿ. ಒಂದು ಮೂತಿ ಎತ್ತಲು, ಒಂದು ಇಳಿಸಲು. ವಿಮಾನವನ್ನು ತಾನೇ ನಡೆಸುವ ಆಟೋಪೈಲಟ್ಟಿಗೆ ಇನ್ನೊಂದು. ಕಣ್ಣು ಮಂಜಾದ ಮಾವನವರಿಗೆ ಅಕ್ಷರ ಕಾಣವು. ಎತ್ತುವುದಕ್ಕೆ ಕುಂಕುಮ, ಇಳಿಸುವುದಕ್ಕೆ ಅರಿಷಿಣ, ಆಟೋಪೈಲಟ್ಟಿಗೆ ವಿಭೂತಿ ಹಚ್ಚು ಎಂದು ನನಗೆ ಹೇಳಿದರು. ನಮ್ಮವರು ಕುಣಿದಾಡಿದರು: ‘ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ರ ಕೆಡ್ತೈತಿ!’

‘ಬಸ್ಸಿಗೆ ದಿನಾ ಹಚ್ಚೀನಿ. ಅದು ಕೆಟ್ಟಿದ್ದು ಕುಂಕುಮದಿಂದೇನು?’

ಈ ಟ್ರಿಮ್ ಎಂಬುದು ನನಗೂ ತಿಳಿಯಿತು. ಅದು ಸಾರಿಗೆ ಉಪ್ಪು ಹಾಕಿದ ಹಾಗೆ. ಚಿಟಿಕೆ ಹಾಕಬೇಕು, ನಿಲ್ಲಬೇಕು, ರುಚಿ ನೋಡಬೇಕು. ಗಡಿಬಿಡಿ ಮಾಡಿದರೆ ಸಾರೂ ಹೋಯಿತು, ವಿಮಾನವೂ ಹೋಯಿತು. ಮಾವನವರು ಒಂದು ಸಲ ಕುಂಕುಮ ಒತ್ತಿ ತಡೆಯುವರು. ಮೂತಿ ಎದ್ದಿತೇ? ಅರ್ಧ ಅರಿಷಿಣ. ‘ಡೀಜೆಲ್ ಖಾಲಿ ಆದಂಗ ಗಾಡಿ ಹಗರ ಆಗ್ತೈತವಾ, ಮತ್ತ ತಿದ್ದಬೇಕು,’ ಎಂದು ನನಗೆ ವಿವರಿಸುವರು. ಕೊನೆಗೆ ವಿಮಾನ ಒಲ್ಲೆ ಎನ್ನದೆ, ಒತ್ತಾಯವಿಲ್ಲದೆ, ತನ್ನಷ್ಟಕ್ಕೆ ತಾನು ಸಮವಾಗಿ ನಿಂತಾಗ ಅವರ ಮುಖ ನೋಡಬೇಕು. ರಚ್ಚೆ ಹಿಡಿದ ಕೂಸನ್ನು ಮಲಗಿಸಿ ತೊಟ್ಟಿಲಿನಿಂದ ಮೆಲ್ಲಗೆ ಕೈ ತೆಗೆಯುವ ತಾಯಿಯ ಮುಖ!

ಆದರೂ ಆಟೋಪೈಲಟ್ಟನ್ನು ನಂಬಲು ದಿನ ಹಿಡಿಯಿತು. ‘ಅಂದ್ರ ನನ್ನ ಸೀಟಿನ್ಯಾಗ ಬ್ಯಾರೆ ಯಾಂವನೋ ಕುಂದರ್ತಾನ?’ ಎಂದು ಕೇಳಿದರು. ಹೌದೆಂದು ತಿಳಿದ ಮೇಲೆ ಅವನಿಗೆ ‘ಬದಲಿ ಡ್ರೈವರ್’ ಎಂದು ಹೆಸರಾಯಿತು. ವಿಭೂತಿ ಒತ್ತಿ ಕೈ ಬಿಟ್ಟರು. ಬಿಟ್ಟ ಕೈಗಳು ಬಿಸಿ ಪಾತ್ರೆ ಹಿಡಿಯಲು ಹೊರಟಂತೆ ಗಾಳಿಯಲ್ಲೇ ಉಳಿದವು. ಆಮೇಲೆ ಅನುಮಾನ: ‘ಬದಲಿ ಡ್ರೈವರ್ ಚಾ ಕುಡದಾನೋ ಇಲ್ಲೋ? ಚಾ ಇಲ್ಲದ ತೂಕಡಿಸಿದ್ರ?’ ಅವತ್ತಿನಿಂದ ಕಂಪ್ಯೂಟರಿನ ಪಕ್ಕ ದಿನಾ ಒಂದು ಕಪ್ ಚಹಾ ಇಡಬೇಕು. ಇಟ್ಟ ಚಹಾ ದಿನಾ ಖಾಲಿಯೂ ಆಗುತ್ತದೆ. ‘ನೋಡು, ಕುಡಿದು ಹೋದ,’ ಎಂದು ಮಾವನವರಿಗೆ ಸಮಾಧಾನ. ಕುಡಿಯುವವಳು ನಾನು!

ಹೀಗೆ ಎರಡೂ ಕೈ ಖಾಲಿಯಾದವು. ಎಡಗೈಯಲ್ಲಿ ತಾಟು, ಬಲಗೈಯಲ್ಲಿ ತುತ್ತು. ಅತ್ತೆಯವರ ಮಂಚವನ್ನು ಎಳೆದು ಡ್ರೈವರ್ ಸೀಟಿನ ಹಿಂದೆ, ಕೈಗೆಟುಕುವಷ್ಟು ಹತ್ತಿರಕ್ಕೇ ಹಾಕಿದೆವು. ಮೇಲಿನಿಂದ ನೆಲ ಚೌಕಚೌಕವಾಗಿ ಕಾಣುತ್ತದೆ. ಹಸಿರು, ಹಳದಿ, ನಡುವೆ ಅಲ್ಲಲ್ಲಿ ಕೆಂಪು.

‘ನೋಡು, ನೋಡು, ನಿಮ್ಮಪ್ಪನ ಕಣ! ಮೆಣಸಿನಕಾಯಿ ಹರವ್ಯಾರ. ಬ್ಯಾಡಗಿ ಬಂತು. ಹಾಂ, ಬಾಯಿ ತಗಿ.’

ಅತ್ತೆಯವರ ಕಣ್ಣು ಆ ಕೆಂಪಿಗೆ ಅಂಟಿಕೊಳ್ಳುತ್ತಿತ್ತು. ತವರಿಗೆ ಹೋಗದೆ ವರ್ಷದ ಮೇಲಾಗಿತ್ತು. ಬಾಯಿ ತಾನಾಗಿ ತೆರೆಯುತ್ತಿತ್ತು. ನದಿ ಬಂದರೆ, ‘ಇದ ತುಂಗಭದ್ರಾ. ಅಗೋ ಕುಮಾರಪಟ್ಟಣದ ಕಾರ್ಖಾನಿ ಚಿಮಣಿ. ಹಾಂ, ಬಾಯಿ.’

‘ಅಪ್ಪಾ, ಅದು ಯುರೋಪು,’ ಎಂದರು ನಮ್ಮವರು, ತಡೆಯಲಾರದೆ.

‘ಎಲ್ಲೀದರ ಇರ್ಲಿ. ನನ್ನ ಗಾಡಿ ಬ್ಯಾಡಗಿ ಮಾರ್ಗವಾಗೇ ಹೋಗೂದು.’

ಇಷ್ಟಾದರೂ ಹೊಟ್ಟೆಗೆ ಹೋಗುವುದು ಅರ್ಧ ರೊಟ್ಟಿ. ಬಳೆಯ ದಾರ ಬಿಚ್ಚುವ ಹಾಗಿರಲಿಲ್ಲ. ಮಾವನವರಿಗೂ ವಯಸ್ಸಾಯಿತು, ಇವರು ಎಷ್ಟು ದಿನ ಹೀಗೆ ಉಣ್ಣಿಸಿಯಾರು ಎಂಬ ದಿಗಿಲು ನಮಗೆ. ದಿನಾ ಸಂಜೆ ವಿಮಾನ ರನ್‌ವೇ ಮೇಲೆ ಪಂಖ ತಿರುಗಿಸುತ್ತ ನಿಲ್ಲುತ್ತದೆ. ಮಾವನವರು ಮಂಚದ ಕಡೆ ನೋಡುತ್ತಾರೆ. ಅತ್ತೆಯವರ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಆಮೇಲೆ ನಾನೋ ನಮ್ಮವರೋ ‘ರೈಟ್’ ಅನ್ನುತ್ತೇವೆ. ಅವರು ಹೊರಡುತ್ತಾರೆ, ಆದರೆ ಅತ್ತೆಯವರ ರೈಟ್ ಕೇಳಿ ಹೊಸ್ತಿಲು ದಾಟುತ್ತಿದ್ದ ಮುಖ ಅಲ್ಲ ಅದು.

ಇವತ್ತು ಸಂಜೆ ದಾವಲ್ ಚಾಚಾ ಬಂದರು. ಅವರು ಮಾವನವರ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವರು. ಈಗ ಕರ್ಜಗಿಯಲ್ಲಿ ಹೊಲ ನೋಡಿಕೊಂಡಿದ್ದಾರೆ. ಚೀಲದ ತುಂಬ ಹಸಿ ಶೇಂಗಾ ತಂದಿದ್ದರು. ವಿಮಾನ ಪಂಖ ತಿರುಗಿಸುತ್ತ ನಿಂತಿತ್ತು. ಮಾವನವರು ಮಂಚದ ಕಡೆ ನೋಡುತ್ತಿದ್ದರು. ಚಾಚಾ ಚಪ್ಪಲಿ ಬಿಡುತ್ತಲೇ ಹಳೆಯ ರೂಢಿಯಿಂದ, ‘ರಾಯ್ಟ್, ರಾಯ್ಟ್!’ ಎಂದು ಓಣಿ ತುಂಬ ಕೂಗಿದರು.

‘ನಿನ್ನ ರೈಟ್ ಕೇಳಿ ಕೇಳಿ ಕಿವಿ ತೂತಾಗ್ಯಾವಲೇ,’ ಎಂದು ಮಾವನವರು ನಿಟ್ಟುಸಿರಿಟ್ಟು ವಿಮಾನ ಬಿಟ್ಟರು.

ಮೇಲೇರಿತು. ಕುಂಕುಮ, ಅರಿಷಿಣ, ಮತ್ತೆ ಚೂರು ಕುಂಕುಮ, ವಿಭೂತಿ. ಕೈ ಬಿಟ್ಟು ತಾಟು ಎತ್ತಿಕೊಂಡರು. ಬಿಸಿ ರೊಟ್ಟಿ, ಮೇಲೆ ಹೆಸರುಕಾಳಿನ ಪಲ್ಯ. ಚಾಚಾ ಎದೆಯ ಮೇಲೆ ಕೈ ಇಟ್ಟುಕೊಂಡರು.

‘ಯಾ ಅಲ್ಲಾ! ಡ್ರೈವರ್ ಸಾಹೇಬ್ರು ಕೈ ಬಿಟ್ಟು ಹೊಡ್ಯಾಕತ್ತಾರ! ರಿಪೋರ್ಟ್ ಬರೀಲೇನು?’

‘ಬರಿ, ಬರಿ. ಪಿಂಚಣಿ ಬಿದ್ದೈತಿ, ಏನ್ ಕಿತ್ಕೊಂತಾರ?’

‘ಆವಾಗ ಭಾಬಿ ಉಣಿಸಿದಾಗರ ಒಂದ್ ಕೈ ಬಿಟ್ಟಿದ್ರೇನು ನೀವು?’

ಮಾವನವರು ಕೆಮ್ಮಿದರು. ‘ಹುಡುಗಿ ಮುಂದ ಏನೇನರ ಹೇಳಬ್ಯಾಡ.’ ಹುಡುಗಿ ಎಂದರೆ ನಾನು, ನಲವತ್ತು ದಾಟಿದವಳು! ಹೇಳದೆ ಬಿಡುವುದು ಉಂಟೇ? ನಾನು ಚಾಚಾ ಅವರಿಗೆ ಮಣೆ ಹಾಕಿ ಕೂರಿಸಿದೆ.

‘ನಿಮ್ಮತ್ತಿ ಅಪ್ಪಗ ಆರಾಮಿರಲಿಲ್ಲವಾ, ಆ ಬ್ಯಾಸಗಿ ಪೂರ್ತಿ. ದಿನಾ ಮುಂಜಾನೆ ಮೊದಲ್ನೇ ಗಾಡಿಗೆ ಭಾಬಿ ಬ್ಯಾಡಗಿಗೆ ಹೋಗೋರು. ಡ್ರೈವರ್ ಹಿಂದಿನ ಸೀಟು. ಇವ್ರು ಖಾಲಿ ಹೊಟ್ಟೀಲೆ ಡ್ಯೂಟಿಗೆ ಬಂದಿರೋರು. ಭಾಬಿ ಗಂಟು ಬಿಚ್ಚಿ, ರೊಟ್ಟಿ ಮುರದು, ಚಟ್ನಿ ಹಚ್ಚಿ, ಹಿಂದಿನಿಂದ ಕೈ ಚಾಚೋರು. ಇವ್ರು ತಿರುಗಿ ನೋಡ್ತಿದ್ರೇನು? ರಸ್ತಾ ನೋಡ್ಕೊಂತ ಗುಬ್ಬಿಮರಿ ಹಂಗ ಬಾಯಿ ತಗಿಯೋರು. ಪ್ಯಾಸೆಂಜರ್ ಎಲ್ಲಾ ಮುಸಿಮುಸಿ ನಗೂದು. ನಾ ಏನ್ ಮಾಡ್ಲಿ? ಟಿಕೆಟ್ ಟಿಕೆಟ್ ಅಂತ ಜೋರ್ ಒದರಕೋಂತ ಅಡ್ಡ ನಿಂದರ್ತಿದ್ನಿ!’

ಅತ್ತೆಯವರ ಕಿವಿ ಕೆಂಪಾದವು. ಎಡಗೈಯಿಂದ ಸೆರಗು ಎಳೆದು ಬಾಯಿಗೆ ಅಡ್ಡ ಹಿಡಿದರು. ಮಾವನವರು ಪರದೆ ನೋಡುತ್ತ, ‘ಆಕಿ ಮುಖ ನೋಡಬೇಕು ಅನಸ್ತಿತ್ತು ಖರೇ,’ ಎಂದರು. ‘ಹೆಂಗ ನೋಡ್ಲಿ? ಹಿಂದ ಇಡೀ ಬಸ್ಸಿನ ಜನ.’

ಮಾತು ಮುಗಿಯುವಷ್ಟರಲ್ಲಿ ತಟತಟತಟ!

ಶತ್ರು. ಸೈಡು ಕೊಡಲೂ ವೇಳೆ ಇಲ್ಲ. ಬದಲಿ ಡ್ರೈವರ್ ಚಹಾ ಬಿಟ್ಟು ಓಡಿಹೋದ. ಮೂತಿ ಕೆಳಗಾಯಿತು. ಮಾವನವರು ತಾಟನ್ನು ಅತ್ತೆಯವರ ಮಡಿಲಿಗೆ ತುರುಕಿ ಎರಡೂ ಕೈಯಿಂದ ಕೋಲು ಹಿಡಿದರು.

‘ಹೋಲ್ಡಾನ್! ಹೋಲ್ಡಾನ್!’ ಚಾಚಾ ಬಸ್ಸು ನಿಲ್ಲಿಸುವಂತೆ ಕೂಗಿ ಎದ್ದು ಕುಣಿದರು.

‘ಮ್ಯಾಲ ಹೋಲ್ಡಾನ್ ಎಲ್ಲಿ ಐತಲೇ! ಕುಂಕುಮ ಒತ್ರೋ, ಕುಂಕುಮ!’

ನಮ್ಮವರು ಕುಂಕುಮ ಒತ್ತಿದರು, ಒತ್ತಿದರು, ಒತ್ತಿದರು. ವಿಮಾನ ಗುಡ್ಡದ ತುದಿಯನ್ನು ಸವರಿಕೊಂಡು, ಹೊಗೆ ಬಿಡುತ್ತ, ಎಡಕ್ಕೆ ಜಗ್ಗುತ್ತ ಮೇಲೆದ್ದಿತು. ಹಳೆಯ ಬಸ್ಸಿನಂತೆಯೇ. ಮಾವನವರ ವಾರೆ ಭುಜ ತನ್ನ ಹಳೆಯ ಜಾಗಕ್ಕೆ ಹೋಗಿ ಕುಳಿತಿತು. ಎಲ್ಲರ ಕಣ್ಣೂ ಪರದೆಯ ಮೇಲೆ. ನನ್ನ ಕಣ್ಣು ಮಾತ್ರ, ಪಲ್ಯ ಚೆಲ್ಲೀತೆಂಬ ಗೃಹಿಣಿಯ ಕಾಳಜಿಗೆ, ತಾಟಿನ ಮೇಲೆ.

ಅತ್ತೆಯವರು ಗಂಡನ ಕೈಗಳನ್ನು ನೋಡುತ್ತಿದ್ದರು. ಎರಡೂ ಕೈ ಸ್ಟೇರಿಂಗ್ ಮೇಲೆ. ಅವರ ಎಡಗೈ ಸೆರಗು ಬಿಟ್ಟಿತು. ತಾಟಿನ ಮೇಲೆ ಬಂದು ನಿಂತಿತು. ಮುಟ್ಟಲೋ ಬೇಡವೋ ಎಂದು ಗಾಳಿಯಲ್ಲೇ ನಿಂತಿತು. ಆಮೇಲೆ ರೊಟ್ಟಿಯ ಅಂಚು ಮುರಿಯಿತು. ಪಲ್ಯ ಒತ್ತಿಕೊಂಡಿತು. ಎರಡು ಕಾಳು ಬೀಳಿಸುತ್ತ, ಡ್ರೈವರ್ ಸೀಟಿನ ಕಡೆ ಚಾಚಿತು.

ಮಾವನವರು ತಿರುಗಿ ನೋಡಲಿಲ್ಲ. ಬಾಯಿ ತೆರೆದರು.

ಒಂದು ಸಲ ಅಗಿದರು. ಆಗ ತಿಳಿಯಿತೆಂದು ಕಾಣುತ್ತದೆ. ಅಗಿಯುವುದು ನಿಂತಿತು. ಚಾಚಾ ನೋಡಿದರು, ನಮ್ಮವರು ನೋಡಿದರು. ಮಾವನವರು ತುತ್ತನ್ನು ನುಂಗಿ, ರಸ್ತೆ ನೋಡುತ್ತಲೇ, ದನಿ ಆದಷ್ಟು ಗಡುಸು ಮಾಡಿಕೊಂಡು, ‘ಉಪ್ಪು ಕಡಿಮಿ ಆಗೇತಿ’ ಎಂದರು.

ಉಪ್ಪು ಸರಿಯಾಗಿತ್ತು. ಮಾಡಿದವಳು ನಾನು, ನನಗೆ ಗೊತ್ತಿಲ್ಲವೇ? ಆದರೆ ಈ ಮನೆಯ ಅಡುಗೆಗೆ ಉಪ್ಪು ಕಡಿಮೆ ಎಂದರೆ ಅತ್ತೆಯವರು ಸುಮ್ಮನಿರುವವರೇ? ಹುಬ್ಬು ಗಂಟಿಕ್ಕಿದರು. ಇನ್ನೊಂದು ಚೂರು ಮುರಿದರು, ಅದೇ ಎಡಗೈಯಲ್ಲಿ. ರುಚಿ ನೋಡಲು ತಮ್ಮ ಬಾಯಿಗೆ ಇಟ್ಟುಕೊಂಡರು. ಅಗಿದು, ತಲೆ ಅಡ್ಡಡ್ಡ ಆಡಿಸಿದರು: ಸರಿ ಐತಿ. ನಂಬದಿದ್ದರೆ ಇನ್ನೊಮ್ಮೆ ನೋಡಿ ಎಂದು ಗಂಡನಿಗೊಂದು ತುತ್ತು. ಆಮೇಲೆ ತಮಗೊಂದು.

ವಿಮಾನ ಸ್ವಲ್ಪ ಹೊತ್ತಿಗೆ ಸಮಕ್ಕೆ ಬಂತು. ವಿಭೂತಿ ಅಲ್ಲೇ, ಬೆರಳಿನ ಹತ್ತಿರ. ಮಾವನವರು ಒತ್ತಲಿಲ್ಲ. ಮರೆತರೇನೋ ಎಂದು ನಾನು, ‘ಬದಲಿ ಡ್ರೈವರ್‌ನ ಕರೀಲೇನ್ರಿ ಮಾವ?’ ಎಂದೆ.

‘ಬ್ಯಾಡ ಬಿಡವಾ,’ ಎಂದರು. ‘ಅಂವಗ ಇವತ್ತ ರಜಾ.’

ಎರಡೂ ಕೈಯಲ್ಲಿ ಕೋಲು ಬಿಗಿಯಾಗಿ ಹಿಡಿದು, ಭುಜ ವಾರೆ ಮಾಡಿಕೊಂಡು, ಕೆಂಪು ಚೌಕಗಳ ಮೇಲಿಂದ ಹೋಗುತ್ತಲೇ ಇದ್ದರು. ಮುಂದೆ ಗುಡ್ಡವಿಲ್ಲ, ಶತ್ರುವಿಲ್ಲ, ಕೈ ತೆಗೆಯಬಾರದೆಂಬ ಕಾಯಿದೆಯೂ ಇಲ್ಲ. ಆದರೂ ತೆಗೆಯಲಿಲ್ಲ. ಹಿಂದಿನಿಂದ ತುತ್ತು ಬರುತ್ತಿತ್ತು. ಬಂದಾಗಲೆಲ್ಲ ಬಾಯಿ ತೆರೆಯುತ್ತಿದ್ದರು. ಚಾಚಾ ಗೋಡೆ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ, ‘ಟಿಕೆಟ್, ಟಿಕೆಟ್’ ಎಂದರು. ಯಾರೂ ನಗಲಿಲ್ಲ.

‘ರೈಟ್’ ಅನ್ನುವ ದನಿ ಇವತ್ತೂ ಬರಲಿಲ್ಲ. ನಾಳೆ ಸಂಜೆಯೂ ವಿಮಾನ ರನ್‌ವೇ ಮೇಲೆ ನಿಂತು ಕಾಯುತ್ತದೆ.

ರಾತ್ರಿ ಉಂಡದ್ದು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು, ಮೇಲೆ ಚಾಚಾ ತಂದ ಶೇಂಗಾ ಕುದಿಸಿದ್ದು. ಅತ್ತೆಯವರ ತಾಟಿನಲ್ಲಿ ಒಂದು ರೊಟ್ಟಿ ಪೂರ್ತಿ ಖಾಲಿಯಾಗಿತ್ತು. ಅದರಲ್ಲಿ ಗಂಡನ ಬಾಯಿಗೆ ಹೋದದ್ದನ್ನು ಕಳೆದರೂ ಮುಕ್ಕಾಲು ಆಯಿತು. ಬದಲಿ ಡ್ರೈವರ್‌ನ ಚಹಾ ಚಾಚಾ ಕುಡಿದು ಕರ್ಜಗಿಯ ಬಸ್ಸು ಹಿಡಿದರು. ಮೊದಲು ನಿದ್ದೆ ಹೋದವರು ಮಾವನವರು, ಕುರ್ಚಿಯಲ್ಲೇ, ಕೋಲಿನ ಮೇಲೆ ಕೈ ಇಟ್ಟುಕೊಂಡು. ನಾನು ಮೆಲ್ಲಗೆ ವಿಭೂತಿ ಒತ್ತಿದೆ. ‘ಬಂದ್ ಮಾಡ್ಲೇನ್ರಿ ಅತ್ತಿ?’ ಎಂದು ಕೇಳಿದರೆ ಎಡಗೈ ಎತ್ತಿ ಬೇಡವೆಂದರು. ಕಣ್ಣರಳಿಸಿ ಪರದೆ ನೋಡುತ್ತ ಕುಳಿತೇ ಇದ್ದರು. ಡ್ರೈವರಿಗೆ ನಿದ್ದೆ ಬಂದಾಗ ಮನೆಯವರು ಯಾರಾದರೂ ಎಚ್ಚರ ಇರಬೇಕಲ್ಲ!